ಬೆರೆಯಲೊಲ್ಲದ ಪ್ಲಾಸ್ಟಿಕ್

ಹಾಲಿನ ಪ್ಯಾಕೆಟ್ಟು ಪಾಲಿಥೀನ್. ಹೋಟೆಲಿನಿಂದ ಸಾಂಬಾರು ಪಾರ್ಸೆಲ್ ತರುವ ಬಿಳಿಯ ಡಬ್ಬಿ ಬಹುಮಟ್ಟಿಗೆ ಪಾಲಿಪ್ರೊಪಿಲೀನ್. ಎರಡರಲ್ಲೂ ಇರುವುದು ಇಂಗಾಲ ಮತ್ತು ಜಲಜನಕ, ಅದೂ ಒಂದೇ ಪ್ರಮಾಣದಲ್ಲಿ: ಒಂದು ಇಂಗಾಲಕ್ಕೆ ಎರಡು ಜಲಜನಕ. ಧಾತುಗಳ ಲೆಕ್ಕವನ್ನಷ್ಟೇ ನೋಡಿದರೆ ಇವೆರಡನ್ನು ಬೇರೆ ಬೇರೆ ಎಂದು ಹೇಳಲು ಕಾರಣವೇ ಸಿಗದು. ಆದರೂ ಎರಡನ್ನೂ ಒಟ್ಟಿಗೆ ಕರಗಿಸಿ, ಎಷ್ಟು ಹೊತ್ತು ಕಲಸಿ ತಣಿಸಿದರೂ ಅವು ಒಂದಾಗುವುದಿಲ್ಲ. ಒಂದರೊಳಗೆ ಇನ್ನೊಂದು ಸಣ್ಣ ಸಣ್ಣ ಹನಿಗಳಾಗಿ ಉಳಿದುಬಿಡುತ್ತದೆ. ಹಾಗೆ ಸಿಕ್ಕ ಗಟ್ಟಿಯನ್ನು ಬಗ್ಗಿಸಿದರೆ ಹನಿಗಳ ಅಂಚಿನಲ್ಲಿಯೇ ಬಿರುಕು ಹುಟ್ಟಿ ಅದು ಮುರಿಯುತ್ತದೆ. ಮೂಲದ ಎರಡೂ ವಸ್ತುಗಳು ಗಟ್ಟಿಮುಟ್ಟಾಗಿದ್ದವು, ಬೆರೆಸಿದ್ದು ಮಾತ್ರ ಯಾವ ಕೆಲಸಕ್ಕೂ ಬಾರದು. ನಮ್ಮ ಪ್ಲಾಸ್ಟಿಕ್ ಕಸದ ಸಮಸ್ಯೆಯ ತಿರುಳು ಇಲ್ಲಿದೆ ಎಂಬುದು ಈ ಬರಹದ ವಾದ. 2017ರಲ್ಲಿ ಅಮೆರಿಕದ ಮೂವರು ಸಂಶೋಧಕರು ಪ್ರಕಟಿಸಿದ ಲೆಕ್ಕದ ಪ್ರಕಾರ 2015ರವರೆಗೆ ಜಗತ್ತು ತಯಾರಿಸಿದ ಪ್ಲಾಸ್ಟಿಕ್ಕು ಸುಮಾರು 830 ಕೋಟಿ ಟನ್. ಅದರಲ್ಲಿ ಕಸವಾದದ್ದು 630 ಕೋಟಿ ಟನ್. ಕಸವಾದದ್ದರಲ್ಲಿ ಮರುಬಳಕೆಯಾದದ್ದು ನೂರಕ್ಕೆ 9 ಪಾಲು ಮಾತ್ರ. ಜನರ ಉದಾಸೀನ, ಪಾಲಿಕೆಗಳ ಸೋಮಾರಿತನ, ಕಂಪನಿಗಳ ಲಾಭಕೋರತನ ಎಂದು ಇದಕ್ಕೆ ಕಾರಣ ಹುಡುಕುವುದು ರೂಢಿ. ಮೂರರಲ್ಲೂ ಸತ್ಯವಿದೆ. ಆದರೆ ಜನರೆಲ್ಲ ಸಜ್ಜನರಾಗಿ, ಪಾಲಿಕೆಗಳು ಚುರುಕಾಗಿ, ಕಂಪನಿಗಳು ಉದಾರವಾದರೂ ಈಗಿನ ಪೊಟ್ಟಣಗಳನ್ನೇ ಕರಗಿಸಲು ಹೊರಟರೆ ಸೋಲು ತಪ್ಪದು. ಆ ಸೋಲು ತೀರ್ಮಾನವಾಗುವುದು ಮೀಟರಿನ ನೂರು ಕೋಟಿಯಲ್ಲೊಂದು ಭಾಗವಾದ ನ್ಯಾನೊಮೀಟರಿನ ಅಳತೆಯಲ್ಲಿ.

ಪಾಲಿಮರ್ ಎಂದರೆ ಉದ್ದನೆಯ ಸರಪಳಿಯಂಥ ಅಣು ಎಂಬುದು ಇಂದು ಶಾಲೆಯ ಪಾಠ. 1920ರಲ್ಲಿ ಜರ್ಮನಿಯ ಹರ್ಮನ್ ಸ್ಟೌಡಿಂಗರ್ ಇದನ್ನು ಹೇಳಿದಾಗ ಒಪ್ಪುವವರು ಕಡಿಮೆ. ರಬ್ಬರು, ಹತ್ತಿ, ರೇಷ್ಮೆ ಇವೆಲ್ಲ ಸಣ್ಣ ಅಣುಗಳು ಗುಂಪುಗೂಡಿ ಆದವು, ಅಷ್ಟು ದೊಡ್ಡ ಒಂದೇ ಅಣು ಇರಲು ಸಾಧ್ಯವೇ ಇಲ್ಲ ಎಂಬುದು ಆಗಿನ ಹಿರಿಯ ರಸಾಯನಶಾಸ್ತ್ರಜ್ಞರ ನಂಬಿಕೆ. ವಾದ ಹತ್ತು ವರ್ಷಕ್ಕೂ ಮಿಕ್ಕಿ ನಡೆಯಿತು. ಸ್ಟೌಡಿಂಗರ್‌ಗೆ ನೊಬೆಲ್ ಬಂದದ್ದು 1953ರಲ್ಲಿ, ಅವರ 72ನೆಯ ವಯಸ್ಸಿನಲ್ಲಿ. ಹತ್ತು ಸಾವಿರ ಇಂಗಾಲದ ಪರಮಾಣುಗಳಿರುವ ಒಂದು ಪಾಲಿಥೀನ್ ಸರಪಳಿಯನ್ನು ತೆಗೆದುಕೊಳ್ಳಿ. ಇದು ವಿಶೇಷವಾದುದೇನಲ್ಲ, ಸಾಮಾನ್ಯ ಚೀಲದಲ್ಲಿ ಸಿಗುವಂಥದ್ದು. ನೇರವಾಗಿ ಎಳೆದು ಹಿಡಿದರೆ ಅದರ ಉದ್ದ ಸುಮಾರು 1,250 ನ್ಯಾನೊಮೀಟರ್. ಆದರೆ ಕರಗಿದ ಪ್ಲಾಸ್ಟಿಕ್ಕಿನಲ್ಲಿ ಅದು ನೇರ ನಿಲ್ಲುವುದಿಲ್ಲ, ಮುದುಡಿಕೊಂಡು ಸುಮಾರು 40 ನ್ಯಾನೊಮೀಟರಿನ ಸಿಕ್ಕಾಗಿ ಕೂರುತ್ತದೆ. ಆ ಸಿಕ್ಕಿನ ಒಳಗೆ ಪಕ್ಕದ ನೂರಾರು ಸರಪಳಿಗಳೂ ಹಾಯ್ದು ಹೋಗಿರುತ್ತವೆ. ಬೇಯಿಸಿದ ಶಾವಿಗೆಯ ರಾಶಿಯಿಂದ ಒಂದೇ ಎಳೆಯನ್ನು ಮುರಿಯದೆ ಎಳೆದು ತೆಗೆಯುವ ಕಷ್ಟ ಇಲ್ಲಿಯೂ ಇದೆ. ಪ್ಲಾಸ್ಟಿಕ್ಕಿಗೆ ಬಲ ಕೊಡುವುದು ಇದೇ ತೊಡಕು. ಪಾಲಿಥೀನಿನ ಸರಪಳಿಯನ್ನು ಕತ್ತರಿಸುತ್ತ ಹೋಗಿ ತೀರಾ ಗಿಡ್ಡ ಮಾಡಿದರೆ ಸಿಗುವುದು ಮೇಣ. ರಾಸಾಯನಿಕವಾಗಿ ಎರಡೂ ಒಂದೇ, ಆದರೆ ಮೇಣದಿಂದ ಚೀಲ ಮಾಡಲಾಗದು. ಬ್ರಿಟನ್ನಿನ ಸ್ಯಾಮ್ ಎಡ್ವರ್ಡ್ಸ್ 1960ರ ದಶಕದಲ್ಲಿ, ಫ್ರಾನ್ಸಿನ ಪಿಯೇರ್-ಜಿಲ್ ದ ಜೆನ್ 1971ರಲ್ಲಿ ಈ ತೊಡಕಿನ ಗಣಿತ ಕಟ್ಟಿದರು. ಸುತ್ತಲಿನ ಸರಪಳಿಗಳು ಒಂದೊಂದು ಸರಪಳಿಗೂ ಕಾಣದ ಕೊಳವೆಯೊಂದನ್ನು ನಿರ್ಮಿಸುತ್ತವೆ, ಅದರೊಳಗೆ ಅದು ತೆವಳಿಯೇ ಹೊರಬರಬೇಕು ಎಂಬುದು ಆ ಗಣಿತದ ಚಿತ್ರ. ಸರಪಳಿಯ ಉದ್ದ ಎರಡು ಪಟ್ಟಾದರೆ ಕರಗಿದ ಪ್ಲಾಸ್ಟಿಕ್ಕಿನ ಸ್ನಿಗ್ಧತೆ ಎರಡು ಪಟ್ಟಾಗುವುದಿಲ್ಲ, ಸುಮಾರು ಹತ್ತು ಪಟ್ಟಾಗುತ್ತದೆ. ಪ್ರಯೋಗಾಲಯದಲ್ಲಿ ಒಂದಾದ ಮೇಲೊಂದು ಪಾಲಿಮರನ್ನು ಅಳೆದು ಖಚಿತಪಡಿಸಿಕೊಂಡಿರುವ ಫಲಿತಾಂಶ ಇದು.

ಇನ್ನು ಬೆರಕೆಯ ಪ್ರಶ್ನೆ. ಮದ್ಯಸಾರ ನೀರಿನಲ್ಲಿ ಬೆರೆಯುವುದಕ್ಕೆ ದೊಡ್ಡ ಕಾರಣವೆಂದರೆ ಬೆರೆತಾಗ ಅಣುಗಳಿಗೆ ಸಿಗುವ ಅಸಂಖ್ಯ ಹೊಸ ಜೋಡಣೆಗಳು. ಎಂಟ್ರೊಪಿ ಎಂದು ಕರೆಯುವ ಈ ಲಾಭ ಅಣುಗಳ ಸಂಖ್ಯೆಯನ್ನು ಅವಲಂಬಿಸಿದೆ. ಸಾವಿರಾರು ಕೊಂಡಿಗಳನ್ನು ಪೋಣಿಸಿ ಒಂದೇ ಸರಪಳಿ ಮಾಡಿದಾಗ ಆ ಕೊಂಡಿಗಳಿಗೆ ಸ್ವತಂತ್ರವಾಗಿ ಅಲೆದಾಡುವ ಅವಕಾಶ ಇಲ್ಲ. ಒಂದು ಹೋದಲ್ಲಿಗೆ ಉಳಿದವೂ ಹೋಗಬೇಕು. ಹಾಗಾಗಿ ಬೆರೆಯುವುದರಿಂದ ಸಿಗುವ ಲಾಭ ಸಾವಿರ ಪಟ್ಟು ಕುಗ್ಗುತ್ತದೆ. ಆಗ ಎರಡು ಬಗೆಯ ಕೊಂಡಿಗಳ ನಡುವೆ ಎಳ್ಳಷ್ಟು ಅಸಮಾಧಾನವಿದ್ದರೂ ಸಾಕು, ಅದೇ ಗೆಲ್ಲುತ್ತದೆ. ಅಮೆರಿಕದ ಪಾಲ್ ಫ್ಲೋರಿ ಮತ್ತು ಮಾರಿಸ್ ಹಗಿನ್ಸ್ 1940ರ ದಶಕದ ಆರಂಭದಲ್ಲಿ ಪ್ರತ್ಯೇಕವಾಗಿ ಕಂಡುಕೊಂಡ ಈ ಸೂತ್ರ ಇವತ್ತಿಗೂ ಪಾಲಿಮರ್ ವಿಜ್ಞಾನದ ಬುನಾದಿ. ಎರಡು ಪಾಲಿಮರ್‌ಗಳು ಬೆರೆಯುವುದು ಅಪವಾದ, ಬೆರೆಯದಿರುವುದೇ ನಿಯಮ. ಬೆರೆಯದ ಎರಡು ಪ್ಲಾಸ್ಟಿಕ್ಕುಗಳು ಮುಟ್ಟುವ ಗಡಿ ಹೇಗಿರುತ್ತದೆ ಎಂದು ನ್ಯೂಟ್ರಾನ್‌ಗಳನ್ನು ಹಾಯಿಸಿ ಅಳೆದಿದ್ದಾರೆ. ಥರ್ಮೋಕೋಲಿನ ಮೂಲವಸ್ತುವಾದ ಪಾಲಿಸ್ಟೈರೀನ್ ಮತ್ತು ಅಕ್ರಿಲಿಕ್ ಹಾಳೆಯ ಪಾಲಿಮರ್ ನಡುವಿನ ಗಡಿ ಸುಮಾರು 5 ನ್ಯಾನೊಮೀಟರ್ ದಪ್ಪ. ಪಾಲಿಸ್ಟೈರೀನಿನ ಸರಪಳಿ ನೆರೆಯವುಗಳ ಜೊತೆ ಒಂದು ತೊಡಕು ಹಾಕಿಕೊಳ್ಳಲು ಬೇಕಾದ ಜಾಗ ಸುಮಾರು 8ರಿಂದ 9 ನ್ಯಾನೊಮೀಟರ್. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ಕಡೆಯ ಸರಪಳಿ ಗಡಿ ದಾಟಿ ಆಚೆಯದರ ಜೊತೆ ತೊಡಕಿಕೊಳ್ಳುವಷ್ಟು ಆಳಕ್ಕೆ ಇಳಿಯುವುದೇ ಇಲ್ಲ. ತೊಡಕಿಲ್ಲದ ಕಡೆ ಬಲವಿಲ್ಲ. ಬೆರಕೆ ಪ್ಲಾಸ್ಟಿಕ್ಕಿನಿಂದ ಮಾಡಿದ ಬಕೆಟ್ಟಿನ ಹಿಡಿಕೆ ಕೈಯಲ್ಲಿ ಕಿತ್ತು ಬರುವುದಕ್ಕೆ ಕೊನೆಯ ಕಾರಣ ಈ ಮೂರ್ನಾಲ್ಕು ನ್ಯಾನೊಮೀಟರಿನ ಕೊರತೆ.

ಈ ವಿಜ್ಞಾನವನ್ನು ಸೂತ್ರವಾಗಿ ಓದದೆಯೇ ಕೈಬೆರಳಿನಲ್ಲಿ ತಿಳಿದವರು ನಮ್ಮ ನಡುವೆ ಇದ್ದಾರೆ. ಚಿಂದಿ ಆಯುವವರು ಮತ್ತು ಗುಜರಿ ಅಂಗಡಿಯವರು ಪ್ಲಾಸ್ಟಿಕ್ಕನ್ನು ಹಿಸುಕಿ ಅದರ ಸದ್ದು ಕೇಳುತ್ತಾರೆ, ನೀರಿಗೆ ಹಾಕಿ ತೇಲುತ್ತದೆಯೋ ಮುಳುಗುತ್ತದೆಯೋ ನೋಡುತ್ತಾರೆ, ತುದಿ ಸುಟ್ಟು ವಾಸನೆ ಹಿಡಿಯುತ್ತಾರೆ. ಒಂದು ಜಾತಿಯ ಮಾಲು ಇನ್ನೊಂದಕ್ಕೆ ಸೇರಿದರೆ ಎರಡಕ್ಕೂ ಬೆಲೆ ಬೀಳುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಆದರೆ ಅವರ ಕೈಚಳಕಕ್ಕೂ ಮಿತಿಯಿದೆ. ಪಾಲಿಥೀನ್ ಮತ್ತು ಪಾಲಿಪ್ರೊಪಿಲೀನ್ ಎರಡೂ ನೀರಿಗಿಂತ ಹಗುರ, ಎರಡೂ ತೇಲುತ್ತವೆ. ನೀರಿನ ಬಾಟಲಿಯ ಪೆಟ್ ಮತ್ತು ನಲ್ಲಿ ಕೊಳವೆಯ ಪಿವಿಸಿ ಎರಡರ ಸಾಂದ್ರತೆ 1.4ರ ಆಸುಪಾಸು, ಎರಡೂ ಮುಳುಗುತ್ತವೆ. ಬೇರ್ಪಡಿಸಲೇಬೇಕಾದ ಜೋಡಿಗಳನ್ನೇ ನೀರು ಬೇರ್ಪಡಿಸುವುದಿಲ್ಲ. ಪೆಟ್ ಕರಗಿಸಲು ಬೇಕಾದ 260 ಡಿಗ್ರಿಗೂ ಹೆಚ್ಚಿನ ಬಿಸಿಯಲ್ಲಿ ಪಿವಿಸಿ ವಿಘಟಿಸಿ ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ. ಆ ಆಮ್ಲ ಪೆಟ್‌ನ ಸರಪಳಿಗಳನ್ನು ಕಡಿದು ಹಾಕುತ್ತದೆ. ಸಾವಿರಕ್ಕೆ ಒಂದು ಪಾಲಿಗಿಂತ ತೀರಾ ಕಡಿಮೆ ಪಿವಿಸಿ ಸೇರಿದರೂ ಇಡೀ ಪಾಕ ಹಳದಿಗಟ್ಟಿ ಹಾಳಾಗುತ್ತದೆ. ಅವಕೆಂಪು ಬೆಳಕಿನಿಂದ ಪ್ಲಾಸ್ಟಿಕ್ಕಿನ ಜಾತಿ ಗುರುತಿಸುವ ಯಂತ್ರಗಳು ಬಂದಿವೆ, ಒಳ್ಳೆಯ ಕೆಲಸವನ್ನೂ ಮಾಡುತ್ತವೆ. ಆದರೆ ಇಂಗಾಲದ ಮಸಿ ಬೆರೆಸಿದ ಕಪ್ಪು ಪ್ಲಾಸ್ಟಿಕ್ಕು ಆ ಬೆಳಕನ್ನೆಲ್ಲ ನುಂಗಿಬಿಡುವುದರಿಂದ ಯಂತ್ರದ ಕಣ್ಣಿಗೆ ಅದು ಕಾಣುವುದೇ ಇಲ್ಲ.

ಸರಿಯಾಗಿ ಬೇರ್ಪಡಿಸಿದ ಮಾಲಿನಲ್ಲೂ ನಷ್ಟ ಇದ್ದದ್ದೇ. ಕರಗಿಸುವ ಪ್ರತಿ ಸಲವೂ ಬಿಸಿ, ಆಮ್ಲಜನಕ, ತೇವ ಮತ್ತು ಯಂತ್ರದ ಒತ್ತಡ ಸೇರಿ ಕೆಲವು ಸರಪಳಿಗಳನ್ನು ತುಂಡರಿಸುತ್ತವೆ. ಪೆಟ್‌ಗೆ ತೇವವೇ ಶತ್ರು, ಅದಕ್ಕಾಗಿ ಕಾರ್ಖಾನೆಯಲ್ಲಿ ಅದನ್ನು ಗಂಟೆಗಟ್ಟಲೆ ಒಣಗಿಸಿದ ಮೇಲಷ್ಟೇ ಕರಗಿಸುವುದು. ಬಾಟಲಿ ಊದಲು ಉದ್ದನೆಯ ಸರಪಳಿಗಳು ಬೇಕು, ಬಟ್ಟೆಯ ನೂಲು ತೆಗೆಯಲು ಅದಕ್ಕಿಂತ ಗಿಡ್ಡವಾದರೂ ನಡೆಯುತ್ತದೆ. ಹಳೆಯ ಬಾಟಲಿಗಳು ಹೆಚ್ಚಾಗಿ ಹೊಸ ಬಾಟಲಿಗಳಾಗದೆ ಪಾಲಿಯೆಸ್ಟರ್ ನೂಲಾಗುವುದಕ್ಕೆ ಇದೂ ಒಂದು ಕಾರಣ. ನೂಲಾದದ್ದು ಹತ್ತಿಯ ಜೊತೆ ಸೇರಿ ಬಟ್ಟೆಯಾದ ಮೇಲೆ ಮತ್ತೆ ಹಿಂದಿರುಗುವ ದಾರಿ ಬಹುಮಟ್ಟಿಗೆ ಮುಚ್ಚಿದ ಹಾಗೆಯೇ.

ಇಷ್ಟು ಹೇಳಿದ ಮೇಲೆ, ವಿಜ್ಞಾನವೇ ಸಮಸ್ಯೆಯನ್ನು ತೋರಿಸಿದ್ದರೆ ವಿಜ್ಞಾನವೇ ಪರಿಹಾರವನ್ನೂ ಕೊಡಬಹುದಲ್ಲ ಎಂಬ ಆಕ್ಷೇಪ ಬರುತ್ತದೆ. ನ್ಯಾಯವಾದ ಮಾತು, ಮತ್ತು ಒಂದು ಮಟ್ಟಿಗೆ ಅದು ಆಗಿಯೂ ಇದೆ. 2017ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಜೆಫ್ರಿ ಕೋಟ್ಸ್ ಮತ್ತು ಮಿನ್ನೆಸೊಟ ವಿಶ್ವವಿದ್ಯಾಲಯದ ಫ್ರಾಂಕ್ ಬೇಟ್ಸ್ ತಂಡಗಳು ಪಾಲಿಥೀನ್ ತುಂಡು, ಪಾಲಿಪ್ರೊಪಿಲೀನ್ ತುಂಡು, ಮತ್ತೆ ಪಾಲಿಥೀನ್, ಮತ್ತೆ ಪಾಲಿಪ್ರೊಪಿಲೀನ್ ಎಂದು ನಾಲ್ಕು ಭಾಗಗಳಿರುವ ಸರಪಳಿಯನ್ನು ತಯಾರಿಸಿದವು. ಅದು ಗಡಿಯಲ್ಲಿ ನಿಂತು ಎರಡೂ ಕಡೆಗೆ ಒಂದೊಂದು ಕೈ ಚಾಚಿ ತೊಡಕಿಕೊಳ್ಳುತ್ತದೆ. ನೂರಕ್ಕೆ ಒಂದು ಪಾಲು ಹಾಕಿದರೂ ಪೆಡಸಾದ ಬೆರಕೆ ಗಟ್ಟಿಮುಟ್ಟಾಗುತ್ತದೆ ಎಂದು ಅವರು ತೋರಿಸಿದರು. ಪಾಲಿಮರ್ ಸಂಶೋಧನೆ ಎಷ್ಟು ಸೂಕ್ಷ್ಮವಾಗಿ ಯೋಚಿಸಬಲ್ಲದು ಎನ್ನುವುದಕ್ಕೆ ಇದಕ್ಕಿಂತ ಚೆಲುವಾದ ಉದಾಹರಣೆ ನನಗೆ ತೋಚುತ್ತಿಲ್ಲ. ಆದರೆ ಅದು ಈ ಒಂದು ಜೋಡಿಗೆ ಹೊಲಿದ ಅಂಗಿ. ಕಸದ ಗಾಡಿಯಲ್ಲಿ ಬರುವ ಆರೇಳು ಬಗೆಯ ಪ್ಲಾಸ್ಟಿಕ್ಕಿನಲ್ಲಿ ಜೋಡಿಗಳು ಹದಿನೈದು ಅಥವಾ ಅದಕ್ಕೂ ಹೆಚ್ಚು. ಪ್ರತಿಯೊಂದಕ್ಕೂ ಬೇರೆ ಸರಪಳಿ ಕಟ್ಟಬೇಕು, ಪ್ರತಿ ಲೋಡಿನಲ್ಲೂ ಯಾವುದು ಎಷ್ಟಿದೆ ಎಂದು ಮೊದಲೇ ತಿಳಿದಿರಬೇಕು. ಅಷ್ಟು ತಿಳಿಯಬೇಕಾದರೆ ಮತ್ತೆ ವಿಂಗಡಣೆಯೇ ಬೇಕು.

ಪೈರಾಲಿಸಿಸ್ ಎನ್ನುವವರಿದ್ದಾರೆ: ಗಾಳಿಯಿಲ್ಲದ ಪಾತ್ರೆಯಲ್ಲಿ ಕಾಯಿಸಿ ಸರಪಳಿಗಳನ್ನೇ ಒಡೆದು ಎಣ್ಣೆ ಮಾಡುವುದು. ಅಕ್ರಿಲಿಕ್ ಹಾಳೆಗೆ ಇದು ಸೊಗಸಾಗಿ ಒಗ್ಗುತ್ತದೆ. ಅದರ ಸರಪಳಿ ಕೊಂಡಿ ಕೊಂಡಿಯಾಗಿ ಕಳಚಿಕೊಂಡು ಮೂಲದ ರಾಸಾಯನಿಕವೇ ಮರಳಿ ಸಿಗುತ್ತದೆ. ಪಾಲಿಥೀನ್ ಹಾಗಲ್ಲ, ಎಲ್ಲೆಂದರಲ್ಲಿ ತುಂಡಾಗಿ ಹತ್ತಾರು ಬಗೆಯ ಹೈಡ್ರೋಕಾರ್ಬನ್‌ಗಳ ಕಲಬೆರಕೆಯಾಗುತ್ತದೆ. ಅದನ್ನು ಬಹಳಷ್ಟು ಕಡೆ ಕೊನೆಗೆ ಉರಿಸುವುದೇ. ಇಲ್ಲಿಯೂ ಪಿವಿಸಿ ಸೇರಿದರೆ ಆಮ್ಲ, ಪೆಟ್ ಸೇರಿದರೆ ಬೇಡದ ಆಮ್ಲಜನಕ. ಕಿಣ್ವಗಳ ಕಥೆ ಇನ್ನೂ ಆಶಾದಾಯಕ. ಜಪಾನಿನಲ್ಲಿ ಬಾಟಲಿ ಮರುಬಳಕೆ ಕೇಂದ್ರವೊಂದರ ಬಳಿ ಪೆಟ್ ತಿನ್ನುವ ಬ್ಯಾಕ್ಟೀರಿಯಾ ಸಿಕ್ಕ ಸುದ್ದಿ 2016ರಲ್ಲಿ ಬಂತು. ಫ್ರಾನ್ಸಿನ ಸಂಶೋಧಕರು 2020ರಲ್ಲಿ ಬೇರೊಂದು ಕಿಣ್ವವನ್ನು ತಿದ್ದಿ 72 ಡಿಗ್ರಿಯಲ್ಲಿ ಹತ್ತು ಗಂಟೆಯೊಳಗೆ ಪೆಟ್‌ನ 90 ಭಾಗವನ್ನು ಮೂಲ ರಾಸಾಯನಿಕಗಳಾಗಿ ಒಡೆದು ತೋರಿಸಿದರು. ಆದರೆ 72 ಡಿಗ್ರಿ ಯಾಕೆ? ಅದರ ಆಸುಪಾಸಿನಲ್ಲಿ ಪೆಟ್‌ನ ಸರಪಳಿಗಳು ಗಾಜಿನ ಸ್ಥಿತಿ ಬಿಟ್ಟು ಕದಲತೊಡಗುತ್ತವೆ, ಆಗಷ್ಟೇ ಕಿಣ್ವಕ್ಕೆ ಹಿಡಿತ ಸಿಗುತ್ತದೆ. ಸರಪಳಿಗಳು ಒಪ್ಪವಾಗಿ ಜೋಡಿಸಿಕೊಂಡ ಸ್ಫಟಿಕ ಭಾಗವನ್ನು ಅದು ಸುಲಭವಾಗಿ ಮುಟ್ಟದು, ಅದಕ್ಕಾಗಿ ಪೆಟ್ ಅನ್ನು ಮೊದಲು ಕರಗಿಸಿ ದಿಢೀರನೆ ತಣಿಸಿ ಸ್ಫಟಿಕ ಒಡೆಯಬೇಕು. ಪಾಲಿಥೀನಿನ ಬರೀ ಇಂಗಾಲದ ಬೆನ್ನೆಲುಬಿಗೆ ಈ ಕಿಣ್ವಗಳು ಏನೂ ಮಾಡಲಾರವು. ಮೆಕ್ಕೆಜೋಳದ ಪಿಷ್ಟದಿಂದ ಮಾಡುವ, ಕೊಳೆಯುತ್ತದೆ ಎಂದು ಮಾರುವ ಪಾಲಿಲ್ಯಾಕ್ಟಿಕ್ ಆಮ್ಲದ ಲೋಟಗಳಿಗೂ ಇದೇ ಬಗೆಯ ಷರತ್ತು. ಅದರ ಸರಪಳಿಗಳು ಕದಲುವುದು 60 ಡಿಗ್ರಿಯ ಹತ್ತಿರ. ಕೈಗಾರಿಕಾ ಗೊಬ್ಬರದ ರಾಶಿ ಅಷ್ಟು ಕಾವೇರುತ್ತದೆ, ಮನೆಯ ಹಿತ್ತಲಿನ ಗುಂಡಿ ಏರುವುದಿಲ್ಲ. ಆ ಲೋಟ ತಪ್ಪಿ ಪೆಟ್ ಬಾಟಲಿಗಳ ರಾಶಿಗೆ ಸೇರಿದರೆ ಅಲ್ಲಿಯೂ ಹಾನಿ.

ರಸ್ತೆಗೆ ಹಾಕಬಹುದಲ್ಲ ಎಂಬ ಮಾತು ಕರ್ನಾಟಕದಲ್ಲಿ ತುಂಬ ಕೇಳಿಬರುತ್ತದೆ. ಮದುರೆಯ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ಪ್ರೊ. ರಾಜಗೋಪಾಲನ್ ವಾಸುದೇವನ್ ಬಿಸಿ ಜಲ್ಲಿಯ ಮೇಲೆ ಪ್ಲಾಸ್ಟಿಕ್ಕನ್ನು ಲೇಪಿಸಿ ಡಾಂಬರು ಹಾಕುವ ವಿಧಾನ ರೂಪಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಬೆಂಗಳೂರಿನಲ್ಲೂ ಈ ಶತಮಾನದ ಆರಂಭದಿಂದ ಡಾಂಬರಿಗೆ ಪ್ಲಾಸ್ಟಿಕ್ ಬೆರೆಸಿ ರಸ್ತೆಗಳಾಗಿವೆ. ಬೇರೆ ಗತಿಯಿಲ್ಲದ ಮಾಲಿಗೆ ಇದು ಗೌರವದ ಉಪಯೋಗ ಎಂಬುದರಲ್ಲಿ ಎರಡು ಮಾತಿಲ್ಲ. ಆದರೂ ಅಲ್ಲಿ ಪಿವಿಸಿ ಕೂಡದು, ಅಂದರೆ ಕನಿಷ್ಠ ವಿಂಗಡಣೆ ಅಲ್ಲಿಯೂ ತಪ್ಪಿಲ್ಲ. ರಸ್ತೆಗೆ ಹೋದ ಪ್ಲಾಸ್ಟಿಕ್ಕು ಮರಳಿ ಚೀಲವಾಗಿ ಬರುವುದಿಲ್ಲ. ನಾಳೆಯ ಚೀಲಕ್ಕೆ ಮತ್ತೆ ಹೊಸ ಪೆಟ್ರೋಲಿಯಂ ಬೇಕು. ಸಿಮೆಂಟ್ ಕಾರ್ಖಾನೆಯ ಗೂಡಿಗೆ ಹಾಕುವುದಂತೂ ನೇರವಾಗಿ ಸುಡುವುದೇ. ಕಲ್ಲಿದ್ದಲಿನ ಬದಲು ಸುಟ್ಟರೆ ಅಷ್ಟು ಕಲ್ಲಿದ್ದಲು ಉಳಿಯಿತು ಎನ್ನಬಹುದು, ಮರುಬಳಕೆ ಎನ್ನಲಾಗದು.

ಈಗ ಚಿಪ್ಸ್ ಪೊಟ್ಟಣವನ್ನು ಕೈಗೆತ್ತಿಕೊಳ್ಳೋಣ. ಹೊರಗಡೆ ಮುದ್ರಣಕ್ಕೆ ಒಂದು ಪ್ಲಾಸ್ಟಿಕ್ ಪದರ, ಒಳಗಡೆ ಬಿಸಿ ಒತ್ತಿ ಅಂಟಿಸಲು ಇನ್ನೊಂದು, ನಡುವೆ ಆವಿಯಾಗಿ ಹಾಯಿಸಿ ಕೂರಿಸಿದ ಅಲ್ಯೂಮಿನಿಯಂ. ಆ ಅಲ್ಯೂಮಿನಿಯಂ ಪದರದ ದಪ್ಪ ಸಾಮಾನ್ಯವಾಗಿ ಕೆಲವು ಹತ್ತು ನ್ಯಾನೊಮೀಟರ್. ಅಷ್ಟು ತೆಳುವಾದ ಲೋಹ ಆಮ್ಲಜನಕ, ತೇವ, ಬೆಳಕು ಮೂರನ್ನೂ ತಡೆದು ಆಲೂಗಡ್ಡೆ ಮುಗ್ಗಲಾಗದಂತೆ ತಿಂಗಳುಗಟ್ಟಲೆ ಕಾಯುತ್ತದೆ. ನ್ಯಾನೊ ಅಳತೆಯ ವಸ್ತುವಿಜ್ಞಾನ ಇಷ್ಟು ಅಗ್ಗವಾಗಿ ಇಷ್ಟು ಮನೆಗಳಿಗೆ ತಲುಪಿದ್ದಕ್ಕೆ ಸಾಟಿ ಸಿಗುವುದು ಕಷ್ಟ. ಕಷ್ಟ ಶುರುವಾಗುವುದು ಪೊಟ್ಟಣ ಖಾಲಿಯಾದ ಮೇಲೆ. ಬೆರೆಯದ ವಸ್ತುಗಳನ್ನು ಕಾರ್ಖಾನೆಯೇ ಅಂಟು ಹಾಕಿ ಒಂದರ ಮೇಲೊಂದು ಬಿಗಿದಿದೆ. ಯಾವ ಮನೆಯವರೂ, ಯಾವ ಪೌರಕಾರ್ಮಿಕರೂ, ಯಾವ ಸಾಮಾನ್ಯ ವಿಂಗಡಣೆ ಯಂತ್ರವೂ ಅದನ್ನು ಬಿಡಿಸಿ ವಿಂಗಡಿಸಲಾರದು. ಚಿಂದಿ ಆಯುವವರು ಹಾಲಿನ ಪ್ಯಾಕೆಟ್ಟನ್ನು ಹೆಕ್ಕಿಕೊಂಡು ಚಿಪ್ಸ್ ಪೊಟ್ಟಣವನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಎರಡೂ ತೆಳು, ಎರಡೂ ಹಗುರ. ಒಂದಕ್ಕೆ ಬೆಲೆಯಿದೆ, ಇನ್ನೊಂದಕ್ಕಿಲ್ಲ; ಯಾಕೆಂದರೆ ಒಂದು ಪಾಲಿಥೀನ್ ಕುಟುಂಬದ ಮಾಲು, ಇನ್ನೊಂದು ಬೆರಕೆ. ಗುಜರಿ ಮಾರುಕಟ್ಟೆ ಕೊಡುವ ಈ ತೀರ್ಪು ಫ್ಲೋರಿ ಮತ್ತು ಹಗಿನ್ಸ್ ಅವರ ಸೂತ್ರದ ತೀರ್ಪೇ.

ನಮ್ಮ ಕಾನೂನು ಇದನ್ನು ಒಮ್ಮೆ ಅರ್ಥ ಮಾಡಿಕೊಂಡಿತ್ತು. ಕೇಂದ್ರ ಸರ್ಕಾರದ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣೆ ನಿಯಮಗಳು, ಮರುಬಳಕೆ ಮಾಡಲಾಗದ ಬಹುಪದರ ಪ್ಲಾಸ್ಟಿಕ್ಕಿನ ತಯಾರಿಕೆ ಮತ್ತು ಬಳಕೆಯನ್ನು ಎರಡು ವರ್ಷದಲ್ಲಿ ಹಂತಹಂತವಾಗಿ ನಿಲ್ಲಿಸಬೇಕು ಎಂದು ಹೇಳಿದ್ದವು. ಗಡುವು ಬಂದ 2018ರಲ್ಲಿಯೇ ತಿದ್ದುಪಡಿ ಬಂತು. ಮರುಬಳಕೆ ಮಾಡಲಾಗದ, ಅಥವಾ ಶಕ್ತಿ ಪಡೆಯಲಾಗದ, ಅಥವಾ ಬೇರೆ ಉಪಯೋಗವಿಲ್ಲದ ಬಹುಪದರ ಪ್ಲಾಸ್ಟಿಕ್ ಎಂದು ಸಾಲು ಬದಲಾಯಿತು. ಪ್ಲಾಸ್ಟಿಕ್ ಎಂದಮೇಲೆ ಉರಿಯುತ್ತದೆ, ಉರಿದರೆ ಶಕ್ತಿ ಬರುತ್ತದೆ. ಸುಡಬಹುದು ಎಂಬ ಒಂದೇ ನೆಪ ಸಾಕು, ಯಾವ ಪೊಟ್ಟಣವೂ ನಿಯಮದ ಕೈಗೆ ಸಿಗದೆ ನುಣುಚಿಕೊಳ್ಳಬಹುದು. ಆಮೇಲಿನ ನಿಯಮಗಳಲ್ಲಿ ಕೈಚೀಲದ ದಪ್ಪ 75 ಮೈಕ್ರಾನ್ ಆಯಿತು, 2022ರ ಕೊನೆಗೆ 120 ಮೈಕ್ರಾನ್ ಆಯಿತು. 2022ರ ಜುಲೈ 1ರಿಂದ ಸ್ಟ್ರಾ, ಚಮಚ, ಥರ್ಮೋಕೋಲ್ ಅಲಂಕಾರದಂಥ ಒಮ್ಮೆ ಬಳಸಿ ಬಿಸಾಡುವ ಕೆಲವು ವಸ್ತುಗಳಿಗೆ ನಿಷೇಧ ಬಂತು. ದಪ್ಪ ಚೀಲ ಆಯಲು ಸುಲಭ, ನಿಜ. ಆದರೆ ನಿಯಮ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ದಪ್ಪ ಎಂಬುದಲ್ಲ, ಒಳಗೆ ಏನೇನಿದೆ ಎಂಬುದು.

ಒಂದೇ ಪಾಲಿಮರಿನಿಂದ ಎಲ್ಲ ಕೆಲಸ ಆಗುವುದೇ, ಅದಕ್ಕೆಂದೇ ಅಲ್ಲವೆ ಪದರಗಳನ್ನು ಹಾಕುವುದು ಎಂದು ಉದ್ಯಮದವರು ಕೇಳುತ್ತಾರೆ. ಉತ್ತರ ಮತ್ತೆ ನ್ಯಾನೊಮೀಟರಿನ ಮಟ್ಟದಲ್ಲಿಯೇ ಇದೆ, ಮತ್ತು ಈ ವಿಷಯದಲ್ಲಿ ನನಗೆ ಅತ್ಯಂತ ಭರವಸೆ ಕೊಡುವ ಸಂಗತಿಯೂ ಇದೇ. ಪಾಲಿಮರಿನ ಗುಣ ಅದರ ರಾಸಾಯನಿಕ ಸೂತ್ರದಿಂದ ಮಾತ್ರ ಬರುವುದಿಲ್ಲ. ಸರಪಳಿ ಎಷ್ಟು ಉದ್ದ, ಎಷ್ಟು ಕವಲು, ಯಾವ ದಿಕ್ಕಿಗೆ ಮಲಗಿದೆ, ಎಷ್ಟು ಭಾಗ ಸ್ಫಟಿಕವಾಗಿದೆ ಎಂಬುದೇ ಗುಣವನ್ನು ಬಹುಪಾಲು ನಿರ್ಧರಿಸುತ್ತದೆ. 1957ರಲ್ಲಿ ಬ್ರಿಸ್ಟಲ್‌ನ ಆಂಡ್ರ್ಯೂ ಕೆಲ್ಲರ್ ಪಾಲಿಥೀನಿನ ಸ್ಫಟಿಕಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸಾವಿರ ನ್ಯಾನೊಮೀಟರ್ ಉದ್ದದ ಸರಪಳಿಗಳು ಹತ್ತು ನ್ಯಾನೊಮೀಟರ್ ದಪ್ಪದ ಹಾಳೆಗಳಲ್ಲಿ ನೆಟ್ಟಗೆ ನಿಂತಿದ್ದವು. ಅದು ಸಾಧ್ಯವಾಗಬೇಕಾದರೆ ಪ್ರತಿ ಸರಪಳಿಯೂ ಹಿಂದಕ್ಕೂ ಮುಂದಕ್ಕೂ ಮತ್ತೆ ಮತ್ತೆ ಮಡಿಸಿಕೊಂಡಿರಲೇಬೇಕು. ಆ ಮಡಿಕೆಗಳನ್ನು ಬಿಡಿಸಿ ಸರಪಳಿಗಳನ್ನು ಒಂದೇ ದಿಕ್ಕಿಗೆ ಎಳೆದರೆ ಏನಾಗುತ್ತದೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ನೆದರ್ಲೆಂಡ್ಸ್‌ನಲ್ಲಿ ಅತಿ ಉದ್ದದ ಪಾಲಿಥೀನ್ ಸರಪಳಿಗಳನ್ನು ದ್ರಾವಣದಲ್ಲಿ ಬಿಡಿಸಿ, ಎಳೆದು ನೂಲು ಮಾಡಿದರು. ತೂಕಕ್ಕೆ ತೂಕ ಹಿಡಿದರೆ ಅದು ಉಕ್ಕಿಗಿಂತ ಎಷ್ಟೋ ಪಟ್ಟು ಬಲ. ಗುಂಡು ತಡೆಯುವ ಕವಚಗಳಲ್ಲಿ, ಹಡಗಿನ ಹಗ್ಗಗಳಲ್ಲಿ ಇಂದು ಅದು ಬಳಕೆಯಲ್ಲಿದೆ. ಅತಿ ಉದ್ದದ ಸರಪಳಿಯ ಪಾಲಿಥೀನೇ ಕೃತಕ ಮಂಡಿಯ ಕೀಲಿನಲ್ಲೂ ಸವೆಯದೆ ಕೂರುತ್ತದೆ. ಹಾಲಿನ ಪ್ಯಾಕೆಟ್ಟು, ಸೀಮೆಎಣ್ಣೆಯ ಕ್ಯಾನು, ಕೀಲು, ಕವಚ: ನಾಲ್ಕರಲ್ಲೂ ಇರುವುದು ಒಂದೇ ಕೊಂಡಿ. ಹೊಸ ಗುಣ ಬೇಕೆಂದಾಗಲೆಲ್ಲ ಹೊಸ ರಾಸಾಯನಿಕದ ಪದರ ಅಂಟಿಸಬೇಕಿಲ್ಲ, ಇರುವ ಸರಪಳಿಗಳನ್ನೇ ಬೇರೆ ರೀತಿಯಲ್ಲಿ ಜೋಡಿಸಬಹುದು.

ಇದು ಬರೀ ಕಾಗದದ ಮೇಲಿನ ಮಾತಲ್ಲ. ಒಂದೇ ದಿಕ್ಕಿಗೆ ಎಳೆದು ಬಿರುಸಾಗಿಸಿದ ಪಾಲಿಥೀನನ್ನು ಮುದ್ರಣದ ಪದರಕ್ಕೂ, ಎಳೆಯದ ಮೆತ್ತನೆಯ ಪಾಲಿಥೀನನ್ನು ಅಂಟುವ ಪದರಕ್ಕೂ ಬಳಸಿ, ಇಡೀ ಪೊಟ್ಟಣ ಒಂದೇ ಜಾತಿಯದಾಗುವಂತೆ ಮಾಡಿದ ಪ್ಯಾಕೇಜಿಂಗ್ ಮಾರುಕಟ್ಟೆಯಲ್ಲಿ ಆಗಲೇ ಇದೆ. ಆಮ್ಲಜನಕ ತಡೆಯುವುದರಲ್ಲಿ ಪಾಲಿಥೀನ್ ದುರ್ಬಲ, ಅದಕ್ಕಾಗಿ ಬೇರೆ ಪಾಲಿಮರಿನ ತೀರಾ ತೆಳುವಾದ ಪದರವನ್ನು ಸೇರಿಸಬೇಕಾಗುತ್ತದೆ. ಒಟ್ಟು ತೂಕದಲ್ಲಿ ಅದರ ಪಾಲು ನೂರಕ್ಕೆ ಐದನ್ನು ಮೀರದಿದ್ದರೆ ಮರುಬಳಕೆ ಕೆಡುವುದಿಲ್ಲ ಎಂಬುದು ಆ ಕ್ಷೇತ್ರದ ಒಪ್ಪಿತ ಅಂದಾಜು. ವೆಚ್ಚ ಹೆಚ್ಚಾಗಬಹುದು, ಕೆಲವು ತಿನಿಸು ಕೆಲವು ವಾರ ಮೊದಲೇ ಕೆಡಬಹುದು. ಹಾಗೆ ಕೆಡುವ ಆಹಾರಕ್ಕೂ ಪರಿಸರದ ಬೆಲೆಯಿದೆ ಎಂಬ ಆಕ್ಷೇಪವನ್ನು ನಾನು ಲಘುವಾಗಿ ಕಾಣುವುದಿಲ್ಲ. ಮರುಬಳಕೆಯಾಗದ ಬಹುಪದರವನ್ನು ನಿಲ್ಲಿಸುವ ನಿಯಮದಿಂದ ಹಾಲಿನ ಪುಡಿಗೂ, ಔಷಧಿಗೂ ವಿನಾಯಿತಿ ಕೊಡುವುದು ನ್ಯಾಯ. ಬಡವರ 1 ರೂಪಾಯಿ ಶಾಂಪೂ ಸ್ಯಾಶೆಯನ್ನು ಕಸಿಯುತ್ತೀರಾ ಎಂಬ ಪ್ರಶ್ನೆ ಇನ್ನೂ ಕಠಿಣ. ಸ್ಯಾಶೆ ಬಂದದ್ದರಿಂದ ದಿನಗೂಲಿಯವರೂ ಕೊಳ್ಳುವಂತಾಯಿತು, ಸುಳ್ಳಲ್ಲ. ಆದರೆ ಆ ಸ್ಯಾಶೆಗಳು ತುಂಬಿ ಕಟ್ಟಿಕೊಳ್ಳುವ ಚರಂಡಿಗಳು ಹೆಚ್ಚಾಗಿ ಯಾರ ಬೀದಿಯವು, ಅವುಗಳನ್ನು ಸುಟ್ಟ ಹೊಗೆ ಯಾರ ಮನೆಗೆ ನುಗ್ಗುತ್ತದೆ ಎಂಬುದನ್ನೂ ಅದೇ ಉಸಿರಿನಲ್ಲಿ ಕೇಳಬೇಕು. ಒಂದು ರೂಪಾಯಿಯ ಬೆಲೆಯಲ್ಲಿ ಈ ಖರ್ಚು ಸೇರಿಲ್ಲ, ಅದನ್ನು ಕೊಟ್ಟವರು ಬಡವರೇ.

ಬೆಂಗಳೂರಿನ ಅನುಭವ ಇಲ್ಲಿ ಪಾಠವಾಗುವಂಥದ್ದು. 2012ರಲ್ಲಿ ಮಾವಳ್ಳಿಪುರದ ಕಸದ ಗುಡ್ಡ ಮುಚ್ಚಿ ನಗರ ಕಂಗೆಟ್ಟ ಮೇಲೆ ಮೂಲದಲ್ಲಿಯೇ ವಿಂಗಡಿಸಬೇಕೆಂಬ ಆದೇಶ ಬಂತು. 2015ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿತು. ವಾರ್ಡುಗಳಲ್ಲಿ ಒಣ ತ್ಯಾಜ್ಯ ಸಂಗ್ರಹ ಕೇಂದ್ರಗಳು ಬಂದವು, ಅವುಗಳಲ್ಲಿ ಹಲವನ್ನು ಚಿಂದಿ ಆಯುವವರೇ ನಡೆಸತೊಡಗಿದರು. ಹಸಿ ಕಸದಿಂದ ಒಣ ಕಸ ಬೇರೆಯಾದದ್ದು ದೊಡ್ಡ ಹೆಜ್ಜೆ. ಎಣ್ಣೆ ಜಿಡ್ಡು, ಅನ್ನದ ಅಗುಳು ಹತ್ತಿದ ಪ್ಲಾಸ್ಟಿಕ್ಕನ್ನು ತೊಳೆಯುವ ಖರ್ಚಿನಲ್ಲಿಯೇ ಮರುಬಳಕೆಯ ಲಾಭ ಕರಗಿಹೋಗುತ್ತದೆ. ಆದರೆ ಒಣ ಕಸದ ಚೀಲ ಬಿಚ್ಚಿದಾಗ ಅಲ್ಲಿ ಹಾಲಿನ ಪ್ಯಾಕೆಟ್ಟೂ ಚಿಪ್ಸ್ ಪೊಟ್ಟಣವೂ ಒಟ್ಟಿಗೇ ಇರುತ್ತವೆ. ವಿಂಗಡಿಸುವವರು ಮೊದಲನೆಯದನ್ನು ಮಾರುತ್ತಾರೆ, ಎರಡನೆಯದನ್ನು ಸಾಗಿಸಲು ಯಾರಾದರೂ ಹಣ ಕೊಡಬೇಕು. ನಾಗರಿಕ ತನ್ನ ಪಾಲು ಮಾಡಿದ, ಕೆಲಸಗಾರ್ತಿ ತನ್ನ ಪಾಲು ಮಾಡಿದಳು. ಉಳಿದದ್ದು ಪೊಟ್ಟಣವನ್ನು ವಿನ್ಯಾಸ ಮಾಡಿದವರ ಪಾಲು, ಅದನ್ನು ಅವರಿಂದ ಮಾಡಿಸಬೇಕಾದ ಸರ್ಕಾರದ ಪಾಲು. ಅದಕ್ಕೆ ಬೇಕಾದ ವಿಜ್ಞಾನಕ್ಕೂ ಕೊರತೆಯಿಲ್ಲ. ಪಾಲಿಮರ್, ದ್ರವಸ್ಫಟಿಕಗಳಂಥ ಮೃದು ದ್ರವ್ಯಗಳ ಸಂಶೋಧನೆಯಲ್ಲಿ ಬೆಂಗಳೂರಿಗೆ ಒಳ್ಳೆಯ ಪರಂಪರೆಯಿದೆ. ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು 1977ರಲ್ಲಿ ಜಗತ್ತಿಗೆ ಮೊದಲು ತೋರಿಸಿದ್ದು ಇದೇ ಊರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಯಾವ ಪದರ ಯಾವುದರ ಜೊತೆ ಹೊಂದುತ್ತದೆ, ಯಾವುದು ಹೊಂದದು ಎಂಬ ಪಟ್ಟಿ ತಯಾರಿಸಲು ಬೇಕಾದ ತಿಳಿವಳಿಕೆ ದೇಶದಲ್ಲಿ ಇದೆ.

ಓದುಗರು ಮಾಡಬಹುದಾದದ್ದು ಸಣ್ಣದಾದರೂ ವ್ಯರ್ಥವಲ್ಲ. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯಬೇಡಿ, ಆ ಚೂರು ಯಾರ ಕೈಗೂ ಸಿಗುವುದಿಲ್ಲ. ತೊಳೆದು ಒಣಗಿಸಿ ಬೇರೆ ಇಡಿ. ಡಬ್ಬಿಯ ತಳದ ತ್ರಿಕೋನದಲ್ಲಿ 1 ಇದ್ದರೆ ಪೆಟ್, 2 ಮತ್ತು 4 ಪಾಲಿಥೀನ್, 5 ಪಾಲಿಪ್ರೊಪಿಲೀನ್; 7 ಎಂದರೆ ಇತರೆ, ಬೆರಕೆಗಳೆಲ್ಲ ಸೇರುವುದು ಅಲ್ಲಿಗೇ. ಆಯ್ಕೆ ಇರುವಲ್ಲಿ 7ನ್ನು ಬಿಡಿ. ಇದರ ಜೊತೆಗೆ ನಿಮ್ಮ ಸಂಸದರನ್ನು ಒಂದು ಪ್ರಶ್ನೆ ಕೇಳಿ: 2018ರಲ್ಲಿ ಸೇರಿಸಿದ ‘ಶಕ್ತಿ ಪಡೆಯಲಾಗದ’ ಎಂಬ ಮಾತನ್ನು ತೆಗೆದು, ಮರುಬಳಕೆಯಾಗದ ಬಹುಪದರ ಪೊಟ್ಟಣ ನಿಲ್ಲಬೇಕು ಎಂಬ 2016ರ ನಿಯಮವನ್ನು ಹೊಸ ಗಡುವಿನೊಂದಿಗೆ ಯಾವಾಗ ಮರಳಿ ತರುತ್ತೀರಿ?